ಹಳ್ಳಿಗೆ ಚಿತ್ರಪಾಠ: ಸ್ಲೈಡ್ ತೋರಿಸಿ ಮಾತಾಡಿದ್ದರಿಂದ ನಾವು ಕಲಿತದ್ದು

(ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಆಡಿದ ಮಾತುಗಳ ಬರಹ ರೂಪ)



ಸಂಘ ಎಷ್ಟು ಲೀಟರಿನಿಂದ ಶುರುವಾಯಿತು, ಈಗ ಎಷ್ಟಕ್ಕೆ ಬಂದಿದೆ, ಕಟ್ಟಡ ಹೇಗಾಯಿತು, ಬೋನಸ್ ಎಷ್ಟು ಹಂಚಿದೆವು ಎಂಬುದನ್ನೆಲ್ಲ ಕಾರ್ಯದರ್ಶಿಗಳು ವರದಿಯಲ್ಲಿ ವಿವರವಾಗಿ ಹೇಳಿದ್ದಾರೆ. ಅದನ್ನೇ ಮತ್ತೆ ಹೇಳಿ ನಿಮ್ಮ ಹೊತ್ತು ಹಾಳು ಮಾಡುವುದಿಲ್ಲ. ನಮಗೆ ಒಪ್ಪಿಸಿರುವ ವಿಷಯ ಬೇರೆ. ಗೋಡೆಯ ಮೇಲೆ ಚಿತ್ರ ಬಿಟ್ಟು, ಪಕ್ಕದಲ್ಲಿ ನಿಂತು ಮಾತಾಡುವ ಪಾಠ, ಅಂದರೆ ಎಲ್ಲರೂ ‘ಸ್ಲೈಡ್ ಶೋ’ ಅನ್ನುತ್ತಿದ್ದೆವಲ್ಲ, ಅದರ ಬಗ್ಗೆ ಎರಡು ಮಾತು ಹೇಳಿ ಅಂದಿದ್ದಾರೆ. ನಾವು ಓದಿದ್ದು ಎಸ್ಸೆಸ್ಸೆಲ್ಸಿ. ದೊಡ್ಡ ಭಾಷಣ ಬರುವುದಿಲ್ಲ. ಕಂಡದ್ದು, ಓದಿ ತಿಳಿದದ್ದು, ಕೈ ಸುಟ್ಟುಕೊಂಡು ಕಲಿತದ್ದು ಇಷ್ಟನ್ನು ಹೇಳುತ್ತೇವೆ. ತಪ್ಪಿದ್ದರೆ ತಿದ್ದಿ.

ನಾವು ಮೊದಲು ಸ್ಲೈಡ್ ಕಂಡದ್ದು 1986ರಲ್ಲಿ. ಆಗ ನಾವು ಪ್ರಾಥಮಿಕ ಶಾಲೆ ಹುಡುಗರು. ಸಂಜೆ ಹೊತ್ತಿಗೆ ಒಂದು ಜೀಪು ಬಂದು ಶಾಲೆ ಮುಂದೆ ನಿಂತಿತು. ಅದರಿಂದ ಒಂದು ಕಪ್ಪು ಪೆಟ್ಟಿಗೆ, ಒಂದು ಸುತ್ತು ವೈರು ಇಳಿಸಿದರು. ಪರದೆ ತರಲು ಮರೆತಿದ್ದರೋ ಏನೋ, ಊರಿನ ಒಬ್ಬ ಹಿರಿಯರ ಮನೆಯಿಂದ ಹೊಸ ಬಿಳಿ ಪಂಚೆ ತರಿಸಿ ಎರಡು ತೆಂಗಿನ ಮರದ ನಡುವೆ ಕಟ್ಟಿದರು. ಕತ್ತಲಾಗುವುದನ್ನೇ ಕಾದು ಊರಿಗೆ ಊರೇ ಕೂತಿತ್ತು. ಮೊದಲ ಚಿತ್ರ ತಲೆಕೆಳಗಾಗಿ ಬಿತ್ತು. ರಾಗಿ ಪೈರು ಆಕಾಶದಿಂದ ನೇತುಬಿದ್ದಂಗೆ ಕಾಣಿಸಿತು. ನಾವು ಹುಡುಗರೆಲ್ಲ ಶಿಳ್ಳೆ ಹಾಕಿದೆವು. ಸಾಹೇಬರೂ ನಕ್ಕು ಸ್ಲೈಡನ್ನು ತಿರುಗಿಸಿ ಹಾಕಿದರು.

ಅವತ್ತು ತೋರಿಸಿದ್ದು ಇಂಡಾಫ್ ರಾಗಿ. ನಮ್ಮ ದೇಶದ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ ತೆಗೆದ ತಳಿ ಅದು. ಇಂಡಿಯಾ, ಆಫ್ರಿಕಾ ಎರಡನ್ನೂ ಸೇರಿಸಿಯೇ ಆ ಹೆಸರು. ಅದನ್ನು ಮಾಡಿದವರು ನಮ್ಮವರೇ ಆದ ರಾಗಿ ಲಕ್ಷ್ಮಣಯ್ಯನವರು. ಒಂದು ಚಿತ್ರದಲ್ಲಿ ನಾಟಿ ತೆನೆ, ಪಕ್ಕದಲ್ಲೇ ಇಂಡಾಫ್ ತೆನೆ. ಅಷ್ಟೇ. ನಮ್ಮ ತಂದೆ ಆ ತಳಿಯ ವಿಷಯ ರೇಡಿಯೋದಲ್ಲಿ ಎಷ್ಟೋ ಸಲ ಕೇಳಿದ್ದರು. ಕೇಳಿ ‘ಹೂಂ’ ಅಂದು ಸುಮ್ಮನಾಗಿದ್ದರು. ಅವತ್ತು ಎದ್ದು ಹೋಗಿ ಪಂಚೆ ಹತ್ತಿರ ನಿಂತು, ತೆನೆಯ ಬೆರಳುಗಳನ್ನು ಒಂದೊಂದಾಗಿ ಎಣಿಸಿದರು. ಅವರ ನೆರಳು ಚಿತ್ರದ ಮೇಲೆ ಬಿದ್ದು ಹಿಂದಿನವರು ‘ಕೂತ್ಕೊಳ್ಳಪ್ಪೋ’ ಅಂತ ಕೂಗಿದರೂ ಎಣಿಸಿ ಮುಗಿಸಿಯೇ ಬಂದರು. ಮುಂದಿನ ಮುಂಗಾರಿಗೆ ನಮ್ಮ ಹೊಲಕ್ಕೆ ಇಂಡಾಫ್ ಬಿತ್ತು.

ಪಾಠ ಮುಗಿದ ಮೇಲೆ ಸಾಹೇಬರು ‘ಇನ್ನು ಸ್ವಲ್ಪ ಮನರಂಜನೆ’ ಅಂದು ಜೋಗದ ಗುಂಡಿ, ಬೇಲೂರಿನ ಶಿಲಾಬಾಲಿಕೆ, ಕೊನೆಗೆ ಹ್ಯಾಲಿ ಧೂಮಕೇತು ತೋರಿಸಿದರು. ಆ ವರ್ಷ ಧೂಮಕೇತು ಬಂದಿತ್ತು. ಬಾಲಚುಕ್ಕಿ ಕಂಡರೆ ಕೇಡು ಅಂತ ನಮ್ಮಜ್ಜಿ ಹೊರಗೆ ಬರುವುದನ್ನೇ ಬಿಟ್ಟಿದ್ದರು. ‘ಇದು 76 ವರ್ಷಕ್ಕೊಂದು ಸಲ ಬಂದು ಹೋಗೋ ನೆಂಟ ಕಣಜ್ಜಿ, 1910ರಲ್ಲೂ ಬಂದಿತ್ತು, ಇನ್ನು 2061ಕ್ಕೇ ಬರೋದು’ ಅಂದರು ಸಾಹೇಬರು. ಅಜ್ಜಿ ಸ್ವಲ್ಪ ಹೊತ್ತು ನೋಡಿ, ‘ಹಂಗಾದ್ರೆ ಪಾಪ, ನೋಡ್ಕೊಂಡು ಕಳಿಸಬೇಕಿತ್ತು’ ಅಂದರು. ಹತ್ತು ಮಂದಿ ವಿದ್ವಾಂಸರು ಬಂದು ವಾದ ಮಾಡಿದ್ದರೂ ನಮ್ಮಜ್ಜಿಯ ಬಾಯಲ್ಲಿ ಆ ಮಾತು ಬರುತ್ತಿರಲಿಲ್ಲ.

ಈಗಿನ ಹುಡುಗರು ಆ ಯಂತ್ರ ನೋಡಿಲ್ಲ, ಅದಕ್ಕೆ ಒಂದು ಮಾತು ಹೇಳುತ್ತೇವೆ. ಕ್ಯಾಮೆರಾದಲ್ಲಿ ತೆಗೆದ 35 ಮಿಲಿಮೀಟರಿನ ಬಣ್ಣದ ಫಿಲಂ ತುಂಡನ್ನು ಎರಡು ಅಂಗುಲ ಚೌಕದ ರಟ್ಟಿನ ಅಥವಾ ಪ್ಲಾಸ್ಟಿಕ್ಕಿನ ಚೌಕಟ್ಟಿಗೆ ಕೂರಿಸಿದರೆ ಅದೇ ಸ್ಲೈಡು. ಮದುವೆ ಫೋಟೋದ ನೆಗೆಟಿವ್‌ನಂತೆ ಅದರಲ್ಲಿ ಬಣ್ಣ ಉಲ್ಟಾ ಇರುವುದಿಲ್ಲ. ಬೆಳಕಿಗೆ ಹಿಡಿದರೆ ಇದ್ದದ್ದು ಇದ್ದ ಹಾಗೇ ಕಾಣುತ್ತದೆ. ಹಿಂದೆ ಬಲ್ಬು, ನಡುವೆ ಸ್ಲೈಡು, ಮುಂದೆ ಮಸೂರ. ಮಸೂರ ಚಿತ್ರವನ್ನು ತಿರುವಿ ಹಾಕುವುದರಿಂದ ಸ್ಲೈಡನ್ನು ತಲೆಕೆಳಗಾಗಿಯೇ ತೂರಿಸಬೇಕು. ನೆಟ್ಟಗೆ ತೂರಿಸಿದರೆ ನಮ್ಮೂರ ರಾಗಿ ಪೈರಿನ ಗತಿಯೇ. ಬಲ್ಬಿನ ಕಾವಿಗೆ ಫಿಲಂ ಸುಟ್ಟು ಹೋಗದಂತೆ ಒಳಗೊಂದು ಫ್ಯಾನು ತಿರುಗುತ್ತಾ ಇರುತ್ತದೆ. ನಮ್ಮ ಕಡೆ ಮಳೆಗಾಲದ ತೇವಕ್ಕೆ ಸ್ಲೈಡಿಗೆ ಬೂಸ್ಟು ಹಿಡಿಯುತ್ತಿತ್ತು. ಅದಕ್ಕೇ ಹಳೇ ಸ್ಲೈಡುಗಳಲ್ಲಿ ಹಸುವಿನ ಮೈಮೇಲೆ ಬೆಳ್ಳಗೆ ಜೇಡರ ಬಲೆಯಂತೆ ಕಾಣುತ್ತಿತ್ತು.

ಇದು ನಿನ್ನೆ ಮೊನ್ನೆಯ ವಿದ್ಯೆಯಲ್ಲ. ಹಾಲೆಂಡಿನ ವಿಜ್ಞಾನಿ ಹೈಗೆನ್ಸ್ ಎಂಬುವರು 1659ರ ಸುಮಾರಿಗೆ ಈ ದೀಪದ ಪೆಟ್ಟಿಗೆಯನ್ನು ಮಾಡಿದರು. ಮ್ಯಾಜಿಕ್ ಲ್ಯಾಂಟರ್ನ್ ಅನ್ನುತ್ತಿದ್ದರು. ಆಗ ಫಿಲಂ ಎಲ್ಲಿತ್ತು? ಗಾಜಿನ ಮೇಲೆ ಕೈಯಿಂದ ಬರೆದ ಚಿತ್ರ, ಒಳಗೆ ಎಣ್ಣೆ ದೀಪ. ಮುಂದೆ ಸುಣ್ಣದ ಉಂಡೆಯನ್ನು ಅನಿಲದ ಉರಿಯಲ್ಲಿ ಕಾಯಿಸಿ ಬೆಳ್ಳನೆಯ ಬೆಳಕು ಬರಿಸುವುದನ್ನೂ ಕಂಡುಹಿಡಿದರು. ಮಹಾರಾಷ್ಟ್ರದ ಕಲ್ಯಾಣದಲ್ಲಿ ಪಟವರ್ಧನ ಮನೆತನದವರು 1890ರ ದಶಕದಲ್ಲಿ ‘ಶಾಂಬರಿಕ ಖರೋಲಿಕಾ’ ಎಂಬ ಹೆಸರಿಟ್ಟು, ಗಾಜಿನ ಚಿತ್ರಗಳಿಂದ ಪುರಾಣದ ಕಥೆಗಳನ್ನು ಮಾತು, ಹಾಡಿನ ಜೊತೆ ತೋರಿಸುತ್ತಿದ್ದರು. ಭಾರತದಲ್ಲಿ ಸಿನಿಮಾ ಇನ್ನೂ ಕಾಲಿಟ್ಟಿರಲಿಲ್ಲ.

ನಮ್ಮ ಜನಕ್ಕೆ ಇದು ಹೊಸದೇ ಅಲ್ಲ ಅಂತ ನಮ್ಮ ಅಭಿಪ್ರಾಯ. ತೊಗಲುಗೊಂಬೆ ಆಟ ಇನ್ನೇನು? ಬಿಳೀ ಪರದೆ, ಹಿಂದೆ ದೀಪ, ನಡುವೆ ಬಣ್ಣ ಹಚ್ಚಿದ ತೊಗಲು, ಜೊತೆಗೆ ಕಥೆ ಹೇಳುವ ಮನುಷ್ಯ. ಆ ಮನುಷ್ಯ ಕಥೆ ನಡುವೆ ಊರ ಪಟೇಲನನ್ನೂ ಕಿಚಾಯಿಸುತ್ತಾನೆ, ಮುಂದೆ ಕೂತವರ ಹೆಸರು ಹಿಡಿದೂ ಕರೆಯುತ್ತಾನೆ. ಚಿತ್ರ, ಬೆಳಕು, ಹೇಳುವವನು, ಕೇಳುವ ಊರು, ಈ ನಾಲ್ಕೂ ಸೇರಿದರೇ ಆಟ. ಒಂದು ಕಳಚಿದರೂ ಆಟ ಕೆಡುತ್ತದೆ. ನಾವು ಇವತ್ತು ಹೇಳಬೇಕೆಂದಿರುವ ಮಾತಿನ ತಿರುಳೂ ಇದೇ.

ಬ್ರಿಟಿಷರ ಕಾಲದಲ್ಲಿ, 1920ರ ದಶಕದಲ್ಲಿ, ದೆಹಲಿ ಪಕ್ಕದ ಗುರಗಾಂವ್ ಜಿಲ್ಲೆಯಲ್ಲಿ ಬ್ರೇನ್ ಎಂಬ ಡೆಪ್ಯುಟಿ ಕಮಿಷನರ್ ಇದ್ದರು. ತಿಪ್ಪೆಗುಂಡಿ, ಒಳ್ಳೆ ಬೀಜ, ಮನೆಗೆ ಕಿಟಕಿ, ಹೆಣ್ಣುಮಕ್ಕಳ ಓದು ಎಂದೆಲ್ಲ ಹಳ್ಳಿ ಸುಧಾರಣೆಗೆ ಹೊರಟವರು. ಮ್ಯಾಜಿಕ್ ಲ್ಯಾಂಟರ್ನ್ ಹಿಡಿದು ಊರೂರಿಗೆ ಜನರನ್ನು ಕಳಿಸಿದರು. ಆಸೆ ಒಳ್ಳೆಯದೇ. ಆದರೆ ಸಾಹೇಬರು ಅಲ್ಲಿಂದ ಹೋದ ಮೇಲೆ ಆ ಕೆಲಸ ಬಹುಮಟ್ಟಿಗೆ ನಿಂತುಹೋಯಿತು. ಮೇಲಿನಿಂದ ಇಳಿದ ದೀಪ ಮೇಲಕ್ಕೇ ಹೊರಟುಹೋಯಿತು. ಊರಿನವರು ಬರೀ ನೋಡುವವರಾಗಿದ್ದರೆ ಹಾಗೇ ಆಗುವುದು.

ನಮ್ಮ ಕನ್ನಡನಾಡಿನಲ್ಲೇ ಬೇರೆ ರೀತಿಯ ಉದಾಹರಣೆ ಇದೆ. ‘ಅಡಿಕೆ ಪತ್ರಿಕೆ’ಯ ಶ್ರೀ ಪಡ್ರೆಯವರು ಮಳೆನೀರು ಇಂಗಿಸುವ ವಿಷಯವನ್ನು ಊರೂರಿಗೆ ಹೋಗಿ ಸ್ಲೈಡ್ ತೋರಿಸಿಯೇ ಹೇಳಿದವರು. ಅವರು ಒತ್ತಿ ತೋರಿಸುತ್ತಿದ್ದುದು ರೈತರು ಸ್ವತಃ ಮಾಡಿದ ಕೆಲಸವನ್ನು. ಇಂಥ ಕಡೆ ಇಂಥ ರೈತ ಗುಂಡಿ ತೋಡಿದ, ಬಾವಿಗೆ ನೀರು ಬಂತು, ಇಗೋ ಬಾವಿ. ಅದನ್ನು ನೋಡಿದ ಇನ್ನೊಬ್ಬ ರೈತನಿಗೆ ‘ಅವನಿಗೆ ಆದದ್ದು ನನಗೆ ಯಾಕಾಗಬಾರದು’ ಎಂಬ ಧೈರ್ಯ ಬರುತ್ತದೆ.

ಚಿತ್ರಪಾಠಕ್ಕೆ ಇರುವ ದೊಡ್ಡ ಗುಣ ಯಾವುದು ಅಂದರೆ ಚಿತ್ರ ನಿಲ್ಲುತ್ತದೆ. ಸಿನಿಮಾ ಓಡುತ್ತದೆ, ಅದರ ಹಿಂದೆ ನಾವೂ ಓಡಬೇಕು. ಟೀವಿಯವರು ಅವರ ಪಾಡಿಗೆ ಹೇಳಿ ಮುಗಿಸುತ್ತಾರೆ. ಸ್ಲೈಡು ಹಾಗಲ್ಲ, ನಾವು ಸಾಕು ಅನ್ನುವವರೆಗೂ ಕದಲುವುದಿಲ್ಲ. ‘ಸಾಮಿ, ಸ್ವಲ್ಪ ಹಿಂದಿನದು ಹಾಕಿ’ ಅಂದರೆ ಹಿಂದಿನದು ಬರುತ್ತದೆ. ಆ ಸುಮ್ಮನಿರುವ ಹೊತ್ತಿನಲ್ಲೇ ಯಾರಾದರೂ ಒಬ್ಬರು ಬಾಯಿ ಬಿಡುತ್ತಾರೆ. ಒಬ್ಬರು ಬಾಯಿ ಬಿಟ್ಟರೆ ಹತ್ತು ಮಂದಿ ಮಾತಾಡುತ್ತಾರೆ. ನಿಜವಾದ ಪಾಠ ಶುರುವಾಗುವುದು ಅಲ್ಲಿಂದ.

ದೋಷವೂ ಇದೆ, ಮುಚ್ಚಿಡಬಾರದು. 2000ದ ಸುಮಾರಿಗೆ ನಮ್ಮ ಅರಸೀಕೆರೆ, ತಿಪಟೂರು ಸೀಮೆಯ ತೆಂಗಿಗೆಲ್ಲ ನುಸಿ ಬಿತ್ತು. ಕಾಯಿ ಮೇಲೆ ಕಂದು ಪಟ್ಟೆ, ಸಿಪ್ಪೆ ಬಿರಿದು ಕಾಯಿ ಸಣ್ಣದಾಗಿ, ಕೊಬ್ಬರಿ ಮಾಡಲೂ ಬಾರದಂತಾಯಿತು. ಆಗಲೂ ಸ್ಲೈಡ್ ತೋರಿಸಿದರು. ಆ ನುಸಿ ಒಂದು ಮಿಲಿಮೀಟರಿನ ಐದನೇ ಒಂದು ಭಾಗದಷ್ಟು, ಬರಿಗಣ್ಣಿಗೆ ಕಾಣುವುದೇ ಇಲ್ಲ. ಪರದೆ ಮೇಲೆ ಮಾತ್ರ ಹಂದಿ ಮರಿಯಷ್ಟು ದಪ್ಪ ಕಾಣಿಸಿತು. ನಮ್ಮೂರ ಯಜಮಾನರೊಬ್ಬರು ಎದ್ದು, ‘ಇಷ್ಟು ದಪ್ಪ ಹುಳ ನಮ್ ತ್ವಾಟದಾಗಿಲ್ಲ ಬುಡಿ, ಇದ್ದಿದ್ರೆ ದೊಣ್ಣೆ ತಗಂಡು ಹೊಡೀತಿದ್ವಿ’ ಅಂದರು. ಎಲ್ಲರೂ ನಕ್ಕೆವು. ಆದರೆ ಯೋಚನೆ ಮಾಡಿ, ಅವರು ಹೇಳಿದ್ದರಲ್ಲಿ ತಪ್ಪೇನಿದೆ? ತೋರಿಸಿದವರು ಅಳತೆ ಹೇಳಲಿಲ್ಲ. ಕಾಯಿಯ ತೊಟ್ಟಿನ ತೊಪ್ಪಿಯನ್ನು ತೋರಿಸಿ, ಆಮೇಲೆ ಅದರಡಿಯ ಜಾಗವನ್ನು ತೋರಿಸಿ, ಆಮೇಲೆ ಮಸೂರದಲ್ಲಿ ಕಂಡ ಹುಳವನ್ನು ತೋರಿಸಿದ್ದರೆ ಯಜಮಾನರಿಗೆ ತಿಳಿಯುತ್ತಿತ್ತು. ಅವತ್ತಿನಿಂದ ನಾವು ಒಂದು ನಿಯಮ ಇಟ್ಟುಕೊಂಡಿದ್ದೇವೆ. ಸಣ್ಣದು ಯಾವುದನ್ನು ಫೋಟೋ ತೆಗೆದರೂ ಪಕ್ಕದಲ್ಲಿ ಒಂದು ಬೆಂಕಿಕಡ್ಡಿ ಇಟ್ಟೇ ತೆಗೆಯುವುದು. ಬೆಂಕಿಕಡ್ಡಿಯ ಉದ್ದ ಯಾರಿಗೆ ಗೊತ್ತಿಲ್ಲ?

ಇನ್ನು ನಮ್ಮ ಸಂಘದ ವಿಷಯಕ್ಕೆ ಬರುತ್ತೇವೆ. ಇದು ಸ್ವಲ್ಪ ಕಷ್ಟದ ಮಾತು.

2013ರಲ್ಲಿ ನಮ್ಮ ರಾಜ್ಯದಲ್ಲಿ ಕಾಲುಬಾಯಿ ಜ್ವರ ಬಂದದ್ದು ನಿಮಗೆಲ್ಲ ನೆನಪಿದೆ. ಸಾವಿರಗಟ್ಟಲೆ ರಾಸು ಸತ್ತ ವರ್ಷ ಅದು. ನಮ್ಮ ಒಂದೇ ಬೀದಿಯಲ್ಲಿ ಮೂರು ಕೊಟ್ಟಿಗೆ ಖಾಲಿಯಾದವು. ಲಸಿಕೆ ಹಾಕುವವರು ಊರಿಗೆ ಬಂದಿರಲಿಲ್ಲವೇ ಅಂದರೆ ಬಂದಿದ್ದರು. ಅದಕ್ಕೆ ಮುಂಚೆ ಸಂಘದಿಂದ ಏನು ಮಾಡಿದೆವು? ಒಂದು ಸುತ್ತೋಲೆಯನ್ನು ನೋಟೀಸ್ ಬೋರ್ಡಿಗೆ ಅಂಟಿಸಿದೆವು. ಅಷ್ಟಕ್ಕೆ ನಮ್ಮ ಕರ್ತವ್ಯ ಮುಗಿಯಿತು ಅಂದುಕೊಂಡೆವು. ಆ ಬೋರ್ಡನ್ನು ಯಾರು ಓದುತ್ತಾರೆ? ಬೆಳಿಗ್ಗೆ ಆರಕ್ಕೆ ಹಾಲು ಅಳೆಸಿ, ಫ್ಯಾಟ್ ನೋಡಿಸಿ, ಚೀಟಿ ತಗೊಂಡು, ಮಕ್ಕಳನ್ನು ಶಾಲೆಗೆ ಕಳಿಸಲು ಓಡುವ ತಾಯಿ ನಿಂತು ಸುತ್ತೋಲೆ ಓದುತ್ತಾಳೆಯೇ? ಆವಾಗಲೂ ನಾವು ನಿರ್ದೇಶಕರಾಗಿದ್ದೆವು. ಆ ತಪ್ಪಿನಲ್ಲಿ ನಮ್ಮದೂ ಪಾಲಿದೆ.

ಆಮೇಲೆ 2022 ಬಂತು, ಚರ್ಮಗಂಟು ರೋಗ ಬಂತು. ಈ ಸಲ ನೋಟೀಸ್ ಬೋರ್ಡಿಗಿಂತ ಮುಂಚೆ ವಾಟ್ಸಾಪ್ ಬಂತು. ಎಲ್ಲಿಯದೋ ಏನೋ, ಮೈಯೆಲ್ಲ ಹುಣ್ಣಾದ ಒಂದು ಹಸುವಿನ ಚಿತ್ರ, ಕೆಳಗೆ ‘ಈ ಹಸುವಿನ ಹಾಲು ಕುಡಿದರೆ ಮನುಷ್ಯರಿಗೂ ಬರುತ್ತದೆ’ ಅಂತ ಬರಹ. ಇನ್ನೊಂದರಲ್ಲಿ ‘ಸೂಜಿ ಹಾಕಿಸಿದರೆ ಹಸು ಬತ್ತಿಹೋಗುತ್ತದೆ’ ಅಂತ. ಒಂದೇ ರಾತ್ರಿಯಲ್ಲಿ ಊರಿನ ಎಲ್ಲ ಫೋನಿಗೂ ಹರಡಿತು. ಮಾರನೆ ದಿನ ಡೇರಿಯಲ್ಲಿ ಸಾಲು ನಿಂತವರ ಮುಖವೇ ಬೇರೆ. ಮನೆಗೆ ವರ್ತನೆ ಹಾಲು ತಗೊಳ್ಳುತ್ತಿದ್ದವರು ಬೇಡ ಅಂದರು. ಲಸಿಕೆಗೆ ಬರುತ್ತಾರೆ ಅಂತ ಗೊತ್ತಾದ ತಕ್ಷಣ ಕೆಲವರು ರಾಸುಗಳನ್ನು ತೋಟದ ಮನೆಗೆ ಹೊಡೆದರು.

ಆಡಳಿತ ಮಂಡಳಿ ತುರ್ತು ಸಭೆ ಕರೆಯಿತು. ‘ಇನ್ನೊಂದು ನೋಟೀಸ್ ಹಾಕೋಣ’ ಅಂದರು ಒಬ್ಬರು. ನಾವು ಹೇಳಿದೆವು, ‘ನೋಟೀಸ್ ಬೇಡ, ಗೋಡೆಗೆ ಚಿತ್ರ ಬಿಡೋಣ. ಅವರ ಫೋನಲ್ಲಿ ಎಲ್ಲಿಯದೋ ಹಸು ಐತೆ. ನಾವು ನಮ್ಮೂರ ಹಸುವನ್ನೇ ತೋರಿಸೋಣ.’ ಪರಿಚಯದ ಮೇಷ್ಟ್ರೊಬ್ಬರಿಂದ ಪ್ರೊಜೆಕ್ಟರ್ ಎರವಲು ತಂದೆವು. ಹಳೆಯ ಸ್ಲೈಡ್ ಯಂತ್ರ ಈಗ ಎಲ್ಲಿ ಸಿಗುತ್ತದೆ? ಕೊಡಾಕ್ ಕಂಪನಿಯೇ 2004ಕ್ಕೆ ಅದನ್ನು ಮಾಡುವುದು ನಿಲ್ಲಿಸಿತು. ಈಗ ಕಂಪ್ಯೂಟರಿನಿಂದ ಬಿಡುವ ಚಿತ್ರಕ್ಕೂ ಸ್ಲೈಡ್ ಎಂಬ ಹಳೇ ಹೆಸರೇ ಉಳಿದುಕೊಂಡಿದೆ. ಹೆಸರು ಉಳಿದಂತೆ ಗುಣವೂ ಉಳಿಯಬಹುದು, ಉಳಿಸುವ ಮನಸ್ಸು ಬೇಕು.

ಹಾಲು ಪರೀಕ್ಷೆ ಮಾಡುವ ಹುಡುಗ ಮೂರು ದಿನ ಮನೆ ಮನೆ ತಿರುಗಿ ತನ್ನ ಫೋನಿನಲ್ಲೇ ಫೋಟೋ ತೆಗೆದ. ಡೇರಿಯ ಪಕ್ಕದ ಗೋಡೆಗೆ ಸುಣ್ಣ ಬಳಿಸಿದೆವು. ಒಟ್ಟು 22 ಚಿತ್ರ. ಮೊದಲ ಐದು ಚಿತ್ರದಲ್ಲಿ ರೋಗದ ಮಾತೇ ಇಲ್ಲ. ಊರ ಬಾಗಿಲು, ಕೆರೆ ಏರಿ, ಹಬ್ಬದಲ್ಲಿ ಕಿಚ್ಚು ಹಾಯಿಸಿದ ಎತ್ತು, ಡೇರಿಯಲ್ಲಿ ಸಾಲು ನಿಂತ ಹೆಂಗಸರು. ‘ಅಗೋ ನಮ್ಮತ್ತೆ!’ ‘ನೋಡೇ, ನಿನ್ ಸೊಂಟದ ಮ್ಯಾಲೆ ಕ್ಯಾನು ಹೆಂಗೈತೆ!’ ಅಂತ ನಗು ಎದ್ದಿತು. ನಗದೆ ಇರುವ ಜನಕ್ಕೆ ಬುದ್ಧಿ ಹೇಳಲು ಹೋಗಬಾರದು ಸ್ವಾಮಿ. ಮೊದಲು ನಗಿಸಬೇಕು, ಆಮೇಲೆ ಹೇಳಬೇಕು.

ಆಮೇಲೆ ಪಶುವೈದ್ಯರು ಎದ್ದು ನಿಂತರು. ಗಂಟು ಹೇಗೆ ಶುರುವಾಗುತ್ತದೆ, ಕಚ್ಚುವ ನೊಣ, ಸೊಳ್ಳೆ, ಉಣ್ಣೆಯಿಂದ ಹೇಗೆ ಹರಡುತ್ತದೆ, ಕೊಟ್ಟಿಗೆಯ ಮೂಲೆಯಲ್ಲಿ ನಿಂತ ಗಂಜಲ ಯಾಕೆ ಅಪಾಯ ಎಂಬುದನ್ನೆಲ್ಲ ನಮ್ಮೂರ ಕೊಟ್ಟಿಗೆಗಳನ್ನೇ ತೋರಿಸಿ ಹೇಳಿದರು. ಯಾರ ಕೊಟ್ಟಿಗೆ ಅಂತ ಹೇಳಲಿಲ್ಲ. ಹೇಳಬಾರದು ಅಂತ ಮೊದಲೇ ಮಾತಾಗಿತ್ತು. ಉಣ್ಣೆ ಚಿತ್ರದ ಪಕ್ಕದಲ್ಲಿ ಬೆಂಕಿಕಡ್ಡಿ ಇತ್ತು. ಈ ರೋಗ ಮನುಷ್ಯರಿಗೆ ಬರುವುದಿಲ್ಲ, ಕಾಯಿಸಿದ ಹಾಲಿಗೆ ಹೆದರಬೇಕಿಲ್ಲ ಅಂದರು. ಹಾಕುತ್ತಿರುವುದು ಮೇಕೆ ಸಿಡುಬಿನ ಲಸಿಕೆ, ಅದೇ ಜಾತಿಯ ರೋಗಾಣು ಆದ್ದರಿಂದ ದನಕ್ಕೂ ರಕ್ಷಣೆ ಕೊಡುತ್ತದೆ ಅಂತ ಬಿಡಿಸಿ ಹೇಳಿದರು. ಸೂಜಿ ಹಾಕಿದ ಮೇಲೆ ಒಂದೆರಡು ದಿನ ಹಾಲು ಸ್ವಲ್ಪ ಇಳಿಯಬಹುದು ಅನ್ನುವುದನ್ನೂ ಮುಚ್ಚಿಡಲಿಲ್ಲ.

ಆಗ ಹಿಂದಿನಿಂದ ಒಬ್ಬ ದೊಡ್ಡಪ್ಪ ಎದ್ದರು. ‘ಡಾಕ್ಟ್ರು ಹೇಳ್ತಾರೆ, ಹೇಳ್ಳಿ. ಡೈರೆಕ್ಟ್ರೇ, ನೀವು ಹೇಳಿ. ಕಾಲುಬಾಯಿ ಬಂದಾಗ ನಿಮ್ಮ ಹಸೂಗೆ ಹಾಕ್ಸಿದ್ರಾ?’

ಸಭೆ ಸುಮ್ಮನಾಯಿತು. ಗೋಡೆ ಮೇಲಿನ ಚಿತ್ರವೂ ಹಾಗೇ ನಿಂತಿತ್ತು.

ನಮ್ಮ ಮನೆಯಲ್ಲಿ ಗೌರಿ ಅಂತ ಒಂದು ಹಸು ಇತ್ತು. ಮಗಳ ತೊಟ್ಟಿಲು ಹಾಕಿದ ವರ್ಷ ತಂದದ್ದು. 2013ರಲ್ಲಿ ಅದು ಕರು ಹಾಕಿ ತುಂಬು ಹಾಲಿನಲ್ಲಿತ್ತು. ಮನೆ ಮೇಲೆ ಸಾಲ ಇತ್ತು. ಸೂಜಿ ಹಾಕಿಸಿದರೆ ಎರಡು ದಿನದ ಹಾಲು ಕಡಿಮೆಯಾಗುತ್ತದಲ್ಲ ಅಂತ, ಲಸಿಕೆಯವರು ಬಂದ ದಿನ ಗೌರಿಯನ್ನು ತೋಟಕ್ಕೆ ಹೊಡೆದೆವು. ಸುತ್ತೋಲೆ ಅಂಟಿಸಿದ ಕೈಯೇ ಹಸುವನ್ನೂ ಬಚ್ಚಿಟ್ಟಿತು. ಕಾಯಿಲೆ ಬಂದಾಗ ಬಾಯಿ ಹುಣ್ಣಾಗಿ ಮೇವು ಮುಟ್ಟಲಿಲ್ಲ. ರಾಗಿ ಗಂಜಿ ಕುಡಿಸಿದೆವು, ಗೊರಸು ತೊಳೆದೆವು. ಉಳಿಯಲಿಲ್ಲ. ‘ವಯಸ್ಸಾಗಿತ್ತು’ ಅಂತ ಊರಿಗೆ ಹೇಳಿದೆವು. ಒಂಬತ್ತು ವರ್ಷ ಹಾಗೇ ಹೇಳಿಕೊಂಡು ಬಂದಿದ್ದೆವು.

ಅವತ್ತು ಆ ಗೋಡೆಯ ಪಕ್ಕದಲ್ಲಿ ನಿಂತು ಸುಳ್ಳು ಹೇಳಲು ಆಗಲಿಲ್ಲ. ಇದ್ದದ್ದನ್ನು ಇದ್ದ ಹಾಗೇ ಹೇಳಿದೆವು. ನಮ್ಮ ಮನೆಯವರು ಮುಂದಿನ ಸಾಲಿನಲ್ಲೇ ಕೂತಿದ್ದರು, ಸೆರಗಿನಿಂದ ಕಣ್ಣೊರೆಸಿಕೊಂಡರು. ದೊಡ್ಡಪ್ಪ ನಮ್ಮನ್ನು ಬೈಯುತ್ತಾರೆ ಅಂದುಕೊಂಡೆವು. ಅವರು, ‘ನಂದೂ ಹಂಗೇ ಆಯ್ತು ಕಣಪ್ಪ’ ಅಂದು ಕೂತರು. ಆಮೇಲೆ ಒಬ್ಬೊಬ್ಬರಾಗಿ ತಮ್ಮ ತಮ್ಮ ಕೊಟ್ಟಿಗೆಯ ಕಥೆ ಹೇಳಿದರು. 22 ಚಿತ್ರದಲ್ಲಿ ಕೊನೆಯ ನಾಲ್ಕು ತೋರಿಸಲೇ ಇಲ್ಲ, ಹೊತ್ತಾಗಿಹೋಗಿತ್ತು.

ಮಾರನೆ ದಿನ ಎಲ್ಲವೂ ಸರಿಹೋಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಹೆಚ್ಚಿನವರು ತೋಟದಿಂದ ರಾಸು ಹೊಡೆದುಕೊಂಡು ಬಂದರು. ಕೆಲವರು ಬರಲಿಲ್ಲ. ಲಸಿಕೆಗೆ ಮುಂಚೆಯೇ ಸೋಂಕು ತಗುಲಿದ್ದ ಒಂದೆರಡು ಕರು ಉಳಿಯಲಿಲ್ಲ. ಆದರೆ ರಾಸು ಬಚ್ಚಿಡುವುದು ನಿಂತಿತು. ಯಾರ ಕೊಟ್ಟಿಗೆಯಲ್ಲಿ ಗಂಟು ಕಂಡರೂ ಅವತ್ತೇ ಡೇರಿಗೆ ಬಂದು ಹೇಳುವಂತಾಯಿತು. ನಮ್ಮ ಸಂಘಕ್ಕೆ ಆ ವರ್ಷ ಬಂದ ನಿಜವಾದ ಲಾಭ ಅದು. ಅದನ್ನು ಆಡಿಟ್ ವರದಿಯಲ್ಲಿ ಬರೆಯಲು ಬರುವುದಿಲ್ಲ.

ಬಂಧುಗಳೇ, ವಾಟ್ಸಾಪಿನಲ್ಲಿ ಬಂದದ್ದೂ ಚಿತ್ರವೇ, ಗೋಡೆ ಮೇಲೆ ಬಂದದ್ದೂ ಚಿತ್ರವೇ. ವ್ಯತ್ಯಾಸ ಏನು? ವಾಟ್ಸಾಪಿನ ಚಿತ್ರದ ಪಕ್ಕದಲ್ಲಿ ಯಾರೂ ನಿಂತಿಲ್ಲ. ‘ಇದು ಎಲ್ಲಿಯ ಹಸು, ಯಾವತ್ತು ತೆಗೆದದ್ದು, ನೀನು ಕಂಡೆಯಾ’ ಅಂತ ಯಾರನ್ನು ಕೇಳುತ್ತೀರಿ? ಗೋಡೆಯ ಚಿತ್ರದ ಪಕ್ಕದಲ್ಲಿ ಒಬ್ಬ ಮನುಷ್ಯ ನಿಂತಿರುತ್ತಾನೆ. ಅವನು ಸುಳ್ಳು ಹೇಳಿದರೆ ಬೆಳಿಗ್ಗೆ ಹಾಲು ಹಾಕಲು ಬಂದಾಗ ಅವನ ಕೊರಳಪಟ್ಟಿ ಹಿಡಿಯಬಹುದು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಹಿರಿಯರು ಹೇಳಿದ್ದಾರೆ. ಪ್ರಮಾಣಿಸಲು ಕೇಳುವ ಜಾಗ ಬೇಕು, ಉತ್ತರ ಹೇಳುವ ಮನುಷ್ಯ ಬೇಕು. ಈಗ ಎಲ್ಲರ ಕೈಯಲ್ಲೂ ಚಿತ್ರ ಇದೆ, ಆದರೆ ಒಂದೇ ಚಿತ್ರವನ್ನು ಊರೆಲ್ಲ ಒಟ್ಟಿಗೆ ಕೂತು ನೋಡುವುದು ಬಿಟ್ಟುಹೋಗಿದೆ. ಸಹಕಾರ ಅಂದರೆ ಹಾಲು ಒಟ್ಟು ಮಾಡುವುದಷ್ಟೇ ಅಲ್ಲ, ನೋಟವನ್ನೂ ಒಟ್ಟು ಮಾಡಬೇಕು.

ಇದು ನಾವು ಕಟ್ಟಿದ ಮಾತಲ್ಲ. ಇಂಗ್ಲೆಂಡಿನ ರಾಕ್‌ಡೇಲ್ ಎಂಬ ಊರಿನಲ್ಲಿ 1844ರಲ್ಲಿ ಅಂಗಡಿ ತೆರೆದ ಸಹಕಾರಿಗಳು ಮುಂದೆ ತಮ್ಮ ಲಾಭದಲ್ಲಿ ನೂರಕ್ಕೆ ಎರಡೂವರೆ ಪಾಲನ್ನು ಸದಸ್ಯರ ಶಿಕ್ಷಣಕ್ಕೆ ಅಂತಲೇ ತೆಗೆದಿಟ್ಟರು. ಅಕ್ಕಿ ಬೇಳೆಯ ಅಂಗಡಿಗೂ ಓದಿಗೂ ಏನು ಸಂಬಂಧ ಅಂತ ಅವರು ಕೇಳಲಿಲ್ಲ. ತಿಳಿವಳಿಕೆ ಇಲ್ಲದ ಸದಸ್ಯನಿಂದ ಸಂಘ ಉಳಿಯುವುದಿಲ್ಲ ಅಂತ ಅವರಿಗೆ ಗೊತ್ತಿತ್ತು. ನಮ್ಮ ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ದೇಶಕ್ಕೇ ಮೊದಲೆನಿಸಿದ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದಾಗಲೂ ರೈತರಿಗೆ ತಿಳಿಹೇಳಿಯೇ ಕಟ್ಟಿರಬೇಕು, ಬರೀ ಸಹಿ ಹಾಕಿಸಿ ಅಲ್ಲ.

ಇನ್ನು ನಮ್ಮ ಕೋರಿಕೆ. ಬರುವ ಸರ್ವಸದಸ್ಯರ ಸಭೆಯ ಮುಂದೆ ಇದನ್ನು ಇಡುತ್ತಿದ್ದೇವೆ, ಈಗಲೇ ನಿಮ್ಮ ಕಿವಿಗೆ ಹಾಕುತ್ತೇವೆ. ಸಂಘಕ್ಕೆ ಒಂದು ಸ್ವಂತ ಪ್ರೊಜೆಕ್ಟರ್ ಆಗಬೇಕು. ತಿಂಗಳಿಗೊಂದು ಚಿತ್ರಪಾಠ ಆಗಬೇಕು. ಬೆಳದಿಂಗಳಲ್ಲಿ ಗೋಡೆಯ ಚಿತ್ರ ಮಂಕಾಗುತ್ತದೆ, ಅಮಾವಾಸ್ಯೆ ದಿನವೇ ಅಂದರೆ ಹಿರಿಯರು ಮನೆ ಬಿಟ್ಟು ಬರುವುದಿಲ್ಲ. ಆದ್ದರಿಂದ ಅಮಾವಾಸ್ಯೆ ಕಳೆದ ಮೊದಲ ಶನಿವಾರ ಇಟ್ಟುಕೊಳ್ಳೋಣ.

ಹೊತ್ತಿನ ವಿಷಯದಲ್ಲಿ ಒಂದು ತಪ್ಪು ಮಾಡಿದ್ದೆವು. 2022ರ ಪಾಠದ ನಂತರ ಎರಡು ಸಲ ರಾತ್ರಿ ಎಂಟೂವರೆಗೆ ಇಟ್ಟೆವು. ಗಂಡಸರೇ ತುಂಬಿದ್ದರು. ಕೊಟ್ಟಿಗೆಯಲ್ಲಿ ಹಾಲು ಕರೆಯುವವರು ಯಾರು, ಕೆಚ್ಚಲು ತೊಳೆಯುವವರು ಯಾರು, ಕೆಚ್ಚಲು ಬಾವನ್ನು ಮೊದಲು ಕೈಯಿಂದ ಮುಟ್ಟಿ ಗುರುತಿಸುವವರು ಯಾರು? ಹೆಂಗಸರು. ಆ ಹೊತ್ತಿನಲ್ಲಿ ಅವರು ಮುದ್ದೆ ತಿರುವುತ್ತಿದ್ದರು. ನಾವು ಕೆಚ್ಚಲು ಬಾವಿನ ಪಾಠವನ್ನು ಹಾಲು ಕರೆಯದವರಿಗೆ ಮಾಡಿದ ಹಾಗಾಯಿತು! ಒಬ್ಬ ಅಕ್ಕ ಡೇರಿಯಲ್ಲೇ ಕೇಳಿದರು, ‘ನಮಗೆ ತೋರ್ಸಲ್ವಾ, ನಿಮ್ ಸಿನಿಮಾನ?’ ಈಗ ಸಂಜೆ ಹಾಲು ಹಾಕಿ ಮುಗಿದ ತಕ್ಷಣ, ಕತ್ತಲಾದ ಕೂಡಲೇ ಶುರು ಮಾಡಬೇಕು, ಮುಂದಿನ ಸಾಲು ಹೆಂಗಸರಿಗೆ ಮೀಸಲು ಅಂತ ತೀರ್ಮಾನ ಮಾಡಿದ್ದೇವೆ.

ಉಳಿದ ಕಟ್ಟಳೆಗಳು ಇವು. ಚಿತ್ರ 24ಕ್ಕೆ ಮೀರಬಾರದು. ತೋರಿಸುವುದು ಮುಕ್ಕಾಲು ಗಂಟೆಯೊಳಗೆ ಮುಗಿಯಬೇಕು, ಅದರ ಮೇಲೆ ಕೇಳುವುದಕ್ಕೆ ಎಷ್ಟು ಹೊತ್ತಾದರೂ ಸರಿ. ಮೊದಲ ನಾಲ್ಕು ಚಿತ್ರ ನಮ್ಮೂರಿನವೇ ಇರಬೇಕು. ಹೊರಗಿನ ಚಿತ್ರ ತಂದರೆ ಎಲ್ಲಿಯದು, ಯಾವ ವರ್ಷದ್ದು ಅಂತ ತೋರಿಸುವವರು ಹೇಳಲೇಬೇಕು. ಯಾರ ಮನೆಯ ಕೊರತೆಯನ್ನೂ ಹೆಸರು ಹಿಡಿದು ತೋರಿಸಬಾರದು. ಪಕ್ಷದ ಮಾತು, ಫೀಡು ಔಷಧಿ ಮಾರುವವರ ಜಾಹೀರಾತು ಆ ಗೋಡೆಗೆ ಬೇಡ. ಕೊನೆಗೆ ಮನರಂಜನೆ ಇರಲೇಬೇಕು: ಒಂದು ಸಲ ಹಳೇಬೀಡು, ಒಂದು ಸಲ ಚಂದ್ರನ ಮೇಲಿನ ಗುಂಡಿಗಳು, ಒಂದು ಸಲ ನಮ್ಮೂರ ಹಳೇ ಮದುವೆ ಫೋಟೋಗಳು. ಟ್ರಂಕಿನಲ್ಲಿ ಹಳೇ ಫೋಟೋ ಇಟ್ಟುಕೊಂಡಿರುವವರು ದಯಮಾಡಿ ಒಂದು ದಿನದ ಮಟ್ಟಿಗೆ ಡೇರಿಗೆ ತನ್ನಿ. ಹುಡುಗರು ಅದನ್ನು ಕಂಪ್ಯೂಟರಿಗೆ ಹಾಕಿಕೊಂಡು ಕೈಗೆ ವಾಪಸ್ ಕೊಡುತ್ತಾರೆ.

ಪ್ರೊಜೆಕ್ಟರಿಗೆ ದುಡ್ಡು ಯಾಕೆ, ಅದೇ ದುಡ್ಡನ್ನು ಬೋನಸ್ ಕೊಡಬಹುದಲ್ಲ ಅಂತ ಕೆಲವರು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ಅದಕ್ಕೆ ನಮ್ಮ ಹತ್ತಿರ ಒಂದೇ ಉತ್ತರ ಇದೆ. 2013ರಲ್ಲಿ ನಾವು ಎರಡು ದಿನದ ಹಾಲು ಉಳಿಸಲು ಹೋದೆವು.

ಮೊದಲ ಪಾಠದ ಮೊದಲ ಚಿತ್ರ ಯಾವುದು ಅಂತಲೂ ಗೊತ್ತು ಮಾಡಿಕೊಂಡಿದ್ದೇವೆ. ಮಗಳ ಹುಟ್ಟುಹಬ್ಬದಲ್ಲಿ ತೆಗೆದ ಒಂದು ಫೋಟೋ ಮನೆಯಲ್ಲಿ ಸಿಕ್ಕಿತು. ಮಗು ಗೌರಿಯ ಹಣೆಗೆ ಕುಂಕುಮ ಇಡುತ್ತಾ ಇದೆ. ಅದನ್ನು ಗೋಡೆ ಮೇಲೆ ಬಿಟ್ಟು ಪಕ್ಕದಲ್ಲಿ ನಿಲ್ಲುತ್ತೇವೆ. ಯಾರು ಏನು ಕೇಳಿದರೂ ಹೇಳುತ್ತೇವೆ.

 

ಜೈ ಸಹಕಾರ. ಜೈ ಕರ್ನಾಟಕ.